ವಿದೇಶ ಪ್ರವಾಸದ ಮಧ್ಯೆ ಬಿರುಗಾಳಿ ಬಂದರೆ: ಎಲ್ಲಿ ಉಳಿಯಬೇಕು, ಯಾವಾಗ ಹೊರಡಬೇಕು

ಬೇರೆ ದೇಶ ನೋಡಿ ಬರೋಣ ಅಂತ ಹೋಗಿರುತ್ತೀರಿ, ಅಷ್ಟರಲ್ಲಿ ಬಿರುಗಾಳಿಯ ಸುದ್ದಿ ಬರುತ್ತದೆ. ಗಾಳಿ ಮಳೆ ಎಷ್ಟು ಹೊತ್ತು ಇರುತ್ತದೆ, ವಿಮಾನ ಯಾವಾಗ ಹಾರುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಆದರೆ ಎಲ್ಲಿ ಸಿಕ್ಕಿಹಾಕಿಕೊಳ್ಳಬೇಕು ಅನ್ನೋದು ಬಹಳ ಸಲ ನಿಮ್ಮ ಕೈಯಲ್ಲೇ ಇರುತ್ತದೆ. ಹೇಗೂ ಒಂದೆರಡು ದಿನ ಎಲ್ಲಾದರೂ ಕೂರಲೇಬೇಕು ಅಂತಾದರೆ ಅದು ಹಾಸಿಗೆ, ಊಟ, ಬಚ್ಚಲು ಇರುವ ಜಾಗ ಆಗಿರಲಿ. ಏರ್‌ಪೋರ್ಟಿನ ನೆಲ ಆಗೋದು ಬೇಡ. ಕೆಳಗೆ ಹೇಳಿರುವ ಸಲಹೆಗಳೆಲ್ಲ ಇದೊಂದರ ಸುತ್ತಲೇ ಇವೆ.

2018ರ ಸೆಪ್ಟೆಂಬರ್ 4ರಂದು ಜೆಬಿ ಅನ್ನುವ ಟೈಫೂನ್ (ಚಂಡಮಾರುತಕ್ಕೆ ಆ ಕಡೆಯ ಹೆಸರು) ಜಪಾನಿನ ಒಸಾಕಾ ಕಡೆ ಬಂತು. ಅಲ್ಲಿನ ಕನ್ಸಾಯ್ ಏರ್‌ಪೋರ್ಟ್ ಇರುವುದು ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ, ದಡಕ್ಕೆ ಇರುವುದು ಒಂದೇ ಸೇತುವೆ. ರನ್‌ವೇಗೆ ನೀರು ನುಗ್ಗಿತು. ಲಂಗರು ಹಾಕಿ ನಿಂತಿದ್ದ ಟ್ಯಾಂಕರ್ ಹಡಗೊಂದು ಗಾಳಿಗೆ ಸರಿದು ಬಂದು ಸೇತುವೆಗೇ ಗುದ್ದಿತು. ಸಾವಿರಾರು ಜನ ಇಡೀ ರಾತ್ರಿ ಅಲ್ಲೇ ಉಳಿದರು, ಮರುದಿನ ದೋಣಿ ಮತ್ತು ಬಸ್ಸುಗಳಲ್ಲಿ ಅವರನ್ನು ಆಚೆ ಸಾಗಿಸಿದರು. ಅದೇ ಹೊತ್ತಿಗೆ ಊರೊಳಗೆ ಹೋಟೆಲಿನಲ್ಲಿ ಕೂತವರಿಗೂ ಫ್ಲೈಟ್ ಇರಲಿಲ್ಲ, ಎಷ್ಟೋ ಕಡೆ ಕರೆಂಟೂ ಹೋಗಿತ್ತು. ಆದರೆ ಅವರಿಗೆ ಮಲಗಲು ಹಾಸಿಗೆ ಇತ್ತು. ವ್ಯತ್ಯಾಸ ಅಷ್ಟೇ, ಆದರೆ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗಿದ್ದರೆ ಆ ವ್ಯತ್ಯಾಸ ಬಹಳ ದೊಡ್ಡದು.

ಟಿಕೆಟ್ ಮಾಡಿಸುವಾಗಲೇ ನೋಡಬೇಕಾದ್ದು

ಮೊದಲು ಋತು. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಅದರಲ್ಲೂ ಸೆಪ್ಟೆಂಬರ್ ಜೋರು. ಜಪಾನ್, ತೈವಾನ್, ಹಾಂಗ್‌ಕಾಂಗ್, ಫಿಲಿಪ್ಪೀನ್ಸ್ ಕಡೆ ಜುಲೈಯಿಂದ ಅಕ್ಟೋಬರ್‌ವರೆಗೆ ಟೈಫೂನ್ ಜಾಸ್ತಿ. ಆಸ್ಟ್ರೇಲಿಯಾದ ಉತ್ತರ ಭಾಗ, ಫಿಜಿ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಟಿಕೆಟ್ ಅಗ್ಗ ಇರುತ್ತದೆ, ಜನ ಕಮ್ಮಿ ಇರುತ್ತಾರೆ, ಬಹುಪಾಲು ದಿನ ಬಿಸಿಲೇ ಇರುತ್ತದೆ. ಆದರೆ ಆ ಕಾಲದಲ್ಲಿ ಹೋಗುವವರು ದಿನಗಳನ್ನು ಒಂದರ ಪಕ್ಕ ಒಂದು ಬಿಗಿಯಾಗಿ ಜೋಡಿಸಬಾರದು. ಕೊನೆಯ ಎರಡು ದಿನ ದೊಡ್ಡ ಊರಲ್ಲಿ, ವಾಪಸ್ ಹೊರಡುವ ಏರ್‌ಪೋರ್ಟ್‌ಗೆ ಹತ್ತಿರ ಇರಲಿ. ದ್ವೀಪ, ಬೆಟ್ಟ, ದೂರದ ಹಳ್ಳಿ ಎಲ್ಲಾ ಮೊದಲೇ ಮುಗಿಸಿಬಿಡಿ.

ಇದು ಯಾಕೆ ಅಂದರೆ, ಕೆಲವು ಜಾಗಗಳಿಗೆ ಇರುವುದು ಒಂದೇ ದಾರಿ, ಅದು ಮುಚ್ಚಿದರೆ ಅಲ್ಲೇ ಉಳಿಯಬೇಕು. ಪೆರುವಿನ ಮಾಚು ಪಿಚು ನೋಡೋಕೆ ಹೋಗುವವರು ಕೆಳಗಿನ ಆಗ್ವಾಸ್ ಕ್ಯಾಲಿಯೆಂಟೆಸ್ ಊರಿಗೆ ರೈಲಿನಲ್ಲಿ ಇಲ್ಲವೇ ನಡೆದು ಹೋಗಬೇಕು, ಅಲ್ಲಿಗೆ ಹೊರಗಿನಿಂದ ವಾಹನ ಹೋಗುವ ರಸ್ತೆ ಇಲ್ಲ. 2010ರ ಜನವರಿಯಲ್ಲಿ ಮಳೆಗೆ ರೈಲು ಹಳಿ ಕೊಚ್ಚಿಹೋಗಿ ಸಾವಿರಾರು ಪ್ರವಾಸಿಗರು ಅಲ್ಲೇ ಉಳಿದರು, ಅವರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಕೂಡ ಇಂಥದ್ದೇ. 2018ರ ಜನವರಿಯಲ್ಲಿ ಹಿಮ ಜಾಸ್ತಿಯಾಗಿ, ಹಿಮಕುಸಿತದ ಅಪಾಯ ಎಲ್ಲಕ್ಕಿಂತ ಮೇಲಿನ 5ನೇ ಮಟ್ಟಕ್ಕೆ ಏರಿ, ರಸ್ತೆ ರೈಲು ಎರಡೂ ನಿಂತು ಸುಮಾರು 13 ಸಾವಿರ ಪ್ರವಾಸಿಗರು ಊರೊಳಗೇ ಬಂದಿಯಾದರು. ನೇಪಾಳದ ಲುಕ್ಲಾದಲ್ಲಿ ಮೋಡ ಕವಿದರೆ ಸಾಕು, ಸಣ್ಣ ವಿಮಾನಗಳು ದಿನಗಟ್ಟಲೆ ಹಾರುವುದಿಲ್ಲ. ಗ್ರೀಸ್ ದ್ವೀಪಗಳಲ್ಲಿ ಗಾಳಿಯ ಜೋರು ಅಳೆಯುವ ಬೋಫೋರ್ಟ್ ಲೆಕ್ಕದಲ್ಲಿ 8ರ ಹತ್ತಿರ ಬಂದರೆ ಫೆರಿಗಳನ್ನು ಬಂದರಿನಲ್ಲೇ ನಿಲ್ಲಿಸುತ್ತಾರೆ. ಇಂಥ ಜಾಗದಿಂದ ಬಂದ ದಿನವೇ ರಾತ್ರಿ ಅಂತರರಾಷ್ಟ್ರೀಯ ಫ್ಲೈಟ್ ಇಟ್ಟುಕೊಳ್ಳೋದು ದೊಡ್ಡ ಜೂಜು. ಮಧ್ಯೆ ಕನಿಷ್ಠ ಒಂದು ರಾತ್ರಿ ಬಿಡಿ, ಲುಕ್ಲಾ ಥರದ ಜಾಗಕ್ಕೆ ಎರಡು ಮೂರು ದಿನ.

ಟಿಕೆಟ್ ವಿಷಯಕ್ಕೆ ಬಂದರೆ, ಮಧ್ಯೆ ಫ್ಲೈಟ್ ಬದಲಿಸಬೇಕಾದ ಪ್ರಯಾಣ ಒಂದೇ ಬುಕಿಂಗ್‌ನಲ್ಲಿರಲಿ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ, ಮೊದಲನೇ ಫ್ಲೈಟ್ ಗಾಳಿಗೆ ತಡವಾಗಿ ಎರಡನೇದು ತಪ್ಪಿದಾಗ ಎರಡನೇ ಏರ್‌ಲೈನ್ ನಿಮ್ಮನ್ನು ಬಾರದೇ ಹೋದ ಪ್ರಯಾಣಿಕ ಅಂತ ಬರೆದುಕೊಳ್ಳುತ್ತದೆ, ಅಷ್ಟೇ. ಒಂದೇ ಬುಕಿಂಗ್ ಇದ್ದರೆ ಕೊನೆಯ ಊರಿಗೆ ತಲುಪಿಸುವ ಜವಾಬ್ದಾರಿ ಅವರದ್ದು.

ಪ್ರಯಾಣ ವಿಮೆಯನ್ನು ಟಿಕೆಟ್ ಮಾಡಿಸಿದ ದಿನವೇ ತೆಗೆದುಕೊಳ್ಳಿ. ಬಿರುಗಾಳಿಗೆ ಹೆಸರು ಇಟ್ಟು ಸುದ್ದಿಯಲ್ಲಿ ಬಂದ ಮೇಲೆ ತೆಗೆದುಕೊಂಡರೆ, ಗೊತ್ತಿದ್ದ ಅಪಾಯ ಅಂತ ಆ ಬಿರುಗಾಳಿಯ ನಷ್ಟವನ್ನು ಕೊಡುವುದಿಲ್ಲ. ಪಾಲಿಸಿಯಲ್ಲಿ ಒಂದು ಸಾಲು ಹುಡುಕಿ ಓದಿ: ಎಷ್ಟು ಗಂಟೆ ತಡವಾದರೆ ದುಡ್ಡು ಕೊಡುತ್ತಾರೆ? ಕೆಲವರದ್ದು 6 ಗಂಟೆ, ಕೆಲವರದ್ದು 12. ಉಳಿದ ಪುಟಗಳಿಗಿಂತ ಈ ಸಾಲೇ ಮುಖ್ಯ.

ಮುನ್ಸೂಚನೆ ನೋಡುವುದು ಹೇಗೆ

ಫೋನಿನಲ್ಲಿ ಬರುವ ಮೋಡದ ಚಿತ್ರ ನಂಬಿ ಕೂರಬೇಡಿ. ಅದರಲ್ಲಿ ಸಣ್ಣ ಮಳೆಗೂ ಅದೇ ಚಿತ್ರ, ಊರು ಮುಳುಗಿಸುವ ಮಳೆಗೂ ಅದೇ ಚಿತ್ರ. ಪ್ರತಿ ದೇಶಕ್ಕೂ ತನ್ನದೇ ಹವಾಮಾನ ಇಲಾಖೆ ಇರುತ್ತದೆ, ಪ್ರವಾಸಿಗರು ಜಾಸ್ತಿ ಬರುವ ದೇಶಗಳಲ್ಲಿ ಅದರ ಪುಟ ಇಂಗ್ಲಿಷ್‌ನಲ್ಲೂ ಇರುತ್ತದೆ. ಹೋಗುವ ಮುಂಚೆ ಅದನ್ನು ಹುಡುಕಿ ಫೋನಿನಲ್ಲಿ ಉಳಿಸಿಕೊಳ್ಳಿ. ಆ ದೇಶದವರು ಎಚ್ಚರಿಕೆಗೆ ಬಳಸುವ ಬಣ್ಣ, ಸಂಖ್ಯೆ ಏನು ಹೇಳುತ್ತದೆ ಅಂತ ಒಮ್ಮೆ ಓದಿಕೊಂಡರೆ ಸಾಕು, ಹತ್ತು ನಿಮಿಷದ ಕೆಲಸ.

ಹಾಂಗ್‌ಕಾಂಗ್ ಉದಾಹರಣೆ ತಗೊಳ್ಳಿ. ಅಲ್ಲಿ ಟೈಫೂನ್‌ಗೆ 1, 3, 8, 9, 10 ಅಂತ ಸಿಗ್ನಲ್‌ಗಳಿವೆ. 3 ಆದ ಮೇಲೆ ನೇರ 8. ಅಂದರೆ 3 ಇದೆ, ಇನ್ನೂ 4, 5 ಆಗಬೇಕಲ್ಲ ಅಂತ ಸುತ್ತಾಡುತ್ತಾ ಇದ್ದರೆ ಕೆಟ್ಟಿರಿ. 8 ಹಾಕಿದ ಮೇಲೆ ಶಾಲೆ, ಕಚೇರಿ ಮುಚ್ಚುತ್ತವೆ, ಬಸ್ಸು, ದೋಣಿ ನಿಲ್ಲುತ್ತಾ ಹೋಗುತ್ತವೆ. 8 ಹಾಕುವ ಸುಮಾರು ಎರಡು ಗಂಟೆ ಮುಂಚೆ ಪ್ರಕಟಣೆ ಹೊರಡಿಸುತ್ತಾರೆ, ಇಡೀ ಊರು ಮನೆ ಕಡೆ ಹೊರಡುವುದು ಆಗಲೇ. ನೀವು ಅದಕ್ಕೂ ಮುಂಚೆ ಹೋಟೆಲ್ ಸೇರಿರಬೇಕು. ಮಳೆಗೆ ಬೇರೆಯದೇ ಎಚ್ಚರಿಕೆ ಇದೆ. ಗಂಟೆಗೆ 70 ಮಿಲಿಮೀಟರ್ ದಾಟುವಷ್ಟು ಮಳೆ ಅಂದರೆ ಕಪ್ಪು ಎಚ್ಚರಿಕೆ. 2023ರ ಸೆಪ್ಟೆಂಬರ್ 7ರ ರಾತ್ರಿ ಅಲ್ಲಿ ಒಂದೇ ಗಂಟೆಯಲ್ಲಿ 158.1 ಮಿಲಿಮೀಟರ್ ಸುರಿಯಿತು, 1884ರಿಂದ ಇರುವ ದಾಖಲೆಯಲ್ಲೇ ಅತಿ ಹೆಚ್ಚು. ಆ ರಾತ್ರಿ ಟೈಫೂನ್ ಇರಲೇ ಇಲ್ಲ ಅನ್ನೋದು ನೆನಪಿರಲಿ. ಗಾಳಿ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ.

ಐಸ್‌ಲ್ಯಾಂಡಿನಲ್ಲಿ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಬಣ್ಣ. ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತಾರೆ. 20 ಅಂದಾಗ ನಮಗೆ ಸಣ್ಣದು ಅನ್ನಿಸುತ್ತದೆ, ಅಲ್ವಾ? 3.6ರಿಂದ ಗುಣಿಸಿ ನೋಡಿ, ಗಂಟೆಗೆ 72 ಕಿಲೋಮೀಟರ್. ಬಾಡಿಗೆ ಕಾರಿನ ಬಾಗಿಲನ್ನು ತಿರುಚಿ ಹಾಕಲು ಅಷ್ಟು ಸಾಕು, ಅದೂ ಮಾಮೂಲಿ ಕಾರು ವಿಮೆಯಲ್ಲಿ ಬಹಳ ಸಲ ಸೇರಿರುವುದಿಲ್ಲ. ಅಲ್ಲಿ ಕಾರನ್ನು ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು, ಆಗ ಗಾಳಿ ಬಾಗಿಲನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ಒಂದು ಕೈಯಲ್ಲಿ ಒಳಗಿನ ಹಿಡಿ, ಇನ್ನೊಂದು ಕೈಯಲ್ಲಿ ಬಾಗಿಲಿನ ಅಂಚು ಹಿಡಿದು, ಸ್ವಲ್ಪವೇ ತೆರೆದು, ಒಬ್ಬರಾದ ಮೇಲೆ ಒಬ್ಬರು ಇಳಿಯಬೇಕು. ಎರಡೂ ಕಡೆಯ ಬಾಗಿಲು ಒಟ್ಟಿಗೆ ತೆರೆಯಲೇಬೇಡಿ.

ಅಮೆರಿಕದ ಚಂಡಮಾರುತ ಕೇಂದ್ರದವರು ನಕ್ಷೆಯ ಮೇಲೆ ಬಿಳಿ ಕೋನ್ ಒಂದನ್ನು ತೋರಿಸುತ್ತಾರೆ. ಕೋನ್ ಒಳಗೆ ನಮ್ಮ ಊರಿಲ್ಲ, ಬಚಾವಾದೆವು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ತೋರಿಸುವುದು ಚಂಡಮಾರುತದ ನಡುಭಾಗ ಎಲ್ಲೆಲ್ಲಿ ಹೋಗಬಹುದು ಅನ್ನೋದನ್ನು ಮಾತ್ರ, ಅದೂ ಮೂರರಲ್ಲಿ ಒಂದು ಸಲ ಕೋನ್‌ನಿಂದ ಆಚೆ ಹೋಗುತ್ತದೆ. ಮಳೆ, ಪ್ರವಾಹ, ಉಬ್ಬಿದ ಸಮುದ್ರ ಕೋನ್ ಆಚೆ ನೂರಾರು ಕಿಲೋಮೀಟರ್ ಹರಡಬಹುದು.

ಬಿಸಿಲನ್ನೂ ಮರೆಯಬೇಡಿ. ಇತ್ತೀಚಿನ ಬೇಸಿಗೆಗಳಲ್ಲಿ ಅಥೆನ್ಸಿನ ಬೆಟ್ಟದ ಮೇಲಿನ ಪುರಾತನ ಕೋಟೆ ಅಕ್ರೊಪೊಲಿಸ್ ಅನ್ನು ಬಿಸಿಗಾಳಿಯ ದಿನ ಮಧ್ಯಾಹ್ನ ಮುಚ್ಚಿದ್ದಾರೆ, 2025ರ ಜುಲೈ ಮೊದಲಲ್ಲಿ ಐಫೆಲ್ ಟವರಿನ ತುದಿಗೂ ಜನರನ್ನು ಬಿಡಲಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗಿನ ಮೊದಲ ಹೊತ್ತಿನ ಟಿಕೆಟ್ ತಗೊಳ್ಳಿ.

ಎರಡು ದಿನ ಮುಂಚೆ: ನಿರ್ಧಾರದ ಹೊತ್ತು

ಬಿರುಗಾಳಿ ಇನ್ನೂ 48 ಗಂಟೆ ದೂರ ಇರುವಾಗ ಆಕಾಶ ಬಹಳ ಸಲ ಚೆನ್ನಾಗೇ ಇರುತ್ತದೆ. ಬೀಚಿನಲ್ಲಿ ಜನ ಇರುತ್ತಾರೆ, ಅಂಗಡಿಗಳು ತೆರೆದಿರುತ್ತವೆ. ಆಗ ಪ್ಲಾನ್ ಬದಲಿಸೋಣ ಅಂದರೆ ಜೊತೆಗಿದ್ದವರಿಗೆ ಇಷ್ಟವಾಗುವುದಿಲ್ಲ. ಆದರೂ ನಿರ್ಧಾರ ಮಾಡಬೇಕಾದ್ದು ಆಗಲೇ, ಯಾಕೆಂದರೆ ಸೀಟು, ಕೋಣೆ, ರೈಲು ಎಲ್ಲಾ ಸಿಗೋದು ಆಗ ಮಾತ್ರ. ಇನ್ನೂ 12 ಗಂಟೆ ಇದೆ ಅನ್ನುವಾಗ ನಿಮ್ಮಂತೆಯೇ ಇನ್ನೂ ಸಾವಿರ ಜನ ಅದನ್ನೇ ಹುಡುಕುತ್ತಿರುತ್ತಾರೆ.

ಇರುವ ದಾರಿ ಮೂರೇ. ಬಿರುಗಾಳಿಗಿಂತ ಮುಂಚೆ ಆ ದೇಶ ಬಿಟ್ಟು ಹೊರಡುವುದು. ಅದೇ ದೇಶದಲ್ಲಿ ಬಿರುಗಾಳಿ ಬಾರದ ಕಡೆಗೆ ಹೋಗುವುದು. ಇಲ್ಲವೇ ಇದ್ದಲ್ಲೇ ಒಳ್ಳೆಯ ಜಾಗ ನೋಡಿ ಕೂರುವುದು. ನಾಲ್ಕನೇ ದಾರಿ ಒಂದನ್ನು ಬಹಳ ಜನ ಹಿಡಿಯುತ್ತಾರೆ: ಏನೂ ಮಾಡದೆ, ಟಿಕೆಟ್ ಇದೆಯಲ್ಲ, ನೋಡೋಣ ಅಂತ ಆ ದಿನ ಏರ್‌ಪೋರ್ಟಿಗೆ ಹೋಗುವುದು. ದಯವಿಟ್ಟು ಅದನ್ನು ಬಿಡಿ.

ಮೊದಲು ಏರ್‌ಲೈನ್‌ನ ವೆಬ್‌ಸೈಟ್ ನೋಡಿ. ದೊಡ್ಡ ಬಿರುಗಾಳಿ ಬರುತ್ತಿದೆ ಅಂದಾಗ ಎಷ್ಟೋ ಏರ್‌ಲೈನ್‌ಗಳು ಶುಲ್ಕ ಇಲ್ಲದೆ ದಿನ ಬದಲಿಸಿಕೊಳ್ಳಿ ಅಂತ ಪ್ರಕಟಣೆ ಹಾಕುತ್ತವೆ. ಅದು ಬಂದ ತಕ್ಷಣ ಬದಲಿಸಿಕೊಂಡವರಿಗೆ ಒಳ್ಳೆಯ ಸೀಟು ಸಿಗುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ದಿನ ಬದಲಿಸುವುದು ಬೇರೆ, ನೀವಾಗಿ ಟಿಕೆಟ್ ರದ್ದು ಮಾಡುವುದು ಬೇರೆ. ನೀವೇ ರದ್ದು ಮಾಡಿದರೆ ನಿಮ್ಮ ಟಿಕೆಟ್‌ನ ನಿಯಮದಂತೆ ಬರುವಷ್ಟೇ ಬರುತ್ತದೆ, ಅಗ್ಗದ ಟಿಕೆಟ್ ಆಗಿದ್ದರೆ ಏನೂ ಬಾರದೇ ಇರಬಹುದು. ಅವರು ರದ್ದು ಮಾಡಿದರೆ ಯುರೋಪ್, ಅಮೆರಿಕದಂಥ ಕಡೆ ಪೂರ್ತಿ ಹಣ ವಾಪಸ್ ಕೇಳುವ ಹಕ್ಕು ಇದೆ. ಹಾಗಾಗಿ ದುಡ್ಡು ವಾಪಸ್ ಬೇಕು ಅನ್ನುವವರು ಅವರು ರದ್ದು ಮಾಡುವವರೆಗೆ ಕಾಯಬೇಕು, ಊರು ತಲುಪಬೇಕು ಅನ್ನುವವರು ಬೇಗ ಬದಲಿಸಬೇಕು.

ಇನ್ನೊಂದು. ನಡುವಿನ ಒಂದು ಫ್ಲೈಟ್ ಬಿಟ್ಟು ರೈಲಿನಲ್ಲೋ ಬಸ್ಸಿನಲ್ಲೋ ಹೋಗುತ್ತೇನೆ ಅಂತ ಹೊರಟರೆ ಏರ್‌ಲೈನ್‌ಗೆ ಹೇಳದೆ ಹೋಗಬೇಡಿ. ಒಂದು ಫ್ಲೈಟ್ ಹತ್ತಲಿಲ್ಲ ಅಂದರೆ ಅದೇ ಬುಕಿಂಗ್‌ನಲ್ಲಿ ಮುಂದಿರುವ ಫ್ಲೈಟ್‌ಗಳು, ವಾಪಸ್ ಟಿಕೆಟ್ ಸಮೇತ, ತಾನಾಗಿ ರದ್ದಾಗಬಹುದು. ಫೋನ್ ಮಾಡಿ ಉಳಿದದ್ದನ್ನು ಉಳಿಸಿ ಅಂತ ಕೇಳಿ, ಉಳಿಸಿದ್ದಾರೆ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಜಪಾನಿನಲ್ಲಿ ಟೈಫೂನ್ ಬರುವಾಗ ರೈಲುಗಳನ್ನು ಮೊದಲೇ ಹೇಳಿ ನಿಲ್ಲಿಸುವ ಪದ್ಧತಿ ಇದೆ, ಸಾಮಾನ್ಯವಾಗಿ ಹಿಂದಿನ ದಿನವೇ ತಿಳಿಸುತ್ತಾರೆ. 2019ರ ಅಕ್ಟೋಬರ್ 12ರಂದು ಹಗಿಬಿಸ್ ಬಂದಾಗ ಟೋಕಿಯೊ ಸುತ್ತಲಿನ ರೈಲುಗಳೆಲ್ಲ ಹೀಗೆ ನಿಂತವು, ರಗ್ಬಿ ವಿಶ್ವಕಪ್ಪಿನ ಪಂದ್ಯಗಳನ್ನೇ ಎರಡು ದಿನ ಮುಂಚೆ ರದ್ದು ಮಾಡಿದ್ದರು. ವಿಶ್ವಕಪ್ ಪಂದ್ಯವನ್ನೇ ಬಿಟ್ಟವರು ಹೇಳುತ್ತಿದ್ದಾರೆ ಅಂದರೆ ನಾವೂ ಕೇಳಬೇಕು.

ಕೂರುವ ಜಾಗ ಆರಿಸುವುದು

ಸಮುದ್ರ, ನದಿ, ಕಡಿದಾದ ಇಳಿಜಾರು ಪಕ್ಕದಲ್ಲಿ ಇಲ್ಲದ ಗಟ್ಟಿ ಕಟ್ಟಡ ನೋಡಿ. ಕಾಂಕ್ರೀಟಿನದ್ದಾಗಿರಲಿ. ನೆಲಮಹಡಿ ಬೇಡ, ತೀರಾ ಮೇಲಿನ ಮಹಡಿಯೂ ಬೇಡ. ಮೇಲೆ ಗಾಳಿ ಜಾಸ್ತಿ, ಕರೆಂಟ್ ಹೋದರೆ ಲಿಫ್ಟ್ ಇರುವುದಿಲ್ಲ, ನೀರಿನ ಪಂಪೂ ನಿಲ್ಲಬಹುದು. ಎರಡನೇ ಮೂರನೇ ಮಹಡಿ ಅನುಕೂಲ. ಸಮುದ್ರ ಕಾಣುವ ಕೋಣೆಗೆ ದುಡ್ಡು ಕೊಟ್ಟಿದ್ದರೂ ಹಿಂಭಾಗದ ಕೋಣೆ ಕೇಳಿ, ಅಂಥ ದಿನ ಹೋಟೆಲಿನವರು ಬೇಡ ಅನ್ನುವುದು ಕಡಿಮೆ. ಬಿರುಗಾಳಿ ಬರುವ ದಿನ ಮಾತ್ರ ಅಲ್ಲ, ಆದ ಮೇಲಿನ ರಾತ್ರಿಗೂ ಕೋಣೆಯನ್ನು ಈಗಲೇ ಹಿಡಿದಿಡಿ. ಬೇಡವಾದರೆ ರದ್ದು ಮಾಡಬಹುದಾದ ಬುಕಿಂಗ್ ಆದರೆ ಒಳ್ಳೆಯದು.

ಹೋಟೆಲ್ ಸ್ವಾಗತದಲ್ಲಿ ಇರುವವರನ್ನು ಎರಡು ಪ್ರಶ್ನೆ ಕೇಳಿ: ಇಲ್ಲಿ ಜನರೇಟರ್ ಇದೆಯಾ, ಜನರನ್ನು ಹೊರಡಿಸಬೇಕಾಗಿ ಬಂದರೆ ಎಲ್ಲಿಗೆ ಕಳಿಸುತ್ತಾರೆ? ಎರಡನೇದಕ್ಕೆ ಬಂದ ಉತ್ತರವನ್ನು ಕಾಗದದ ಮೇಲೆ, ಸ್ಥಳೀಯ ಲಿಪಿಯಲ್ಲೇ ಬರೆಸಿಕೊಳ್ಳಿ. ನೆಟ್ ಇಲ್ಲದಾಗ ಟ್ಯಾಕ್ಸಿಯವರಿಗೋ ಪೊಲೀಸರಿಗೋ ತೋರಿಸಲು ಅದೇ ಬೇಕು.

ಹಿಂದಿನ ಸಂಜೆಯೇ ಸಾಮಾನು ತಂದುಬಿಡಿ. ಕುಡಿಯುವ ನೀರು ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಲೆಕ್ಕ, ಬಿಸಿ ಮಾಡದೆ ತಿನ್ನುವಂಥ ಆಹಾರ, ಟಾರ್ಚು, ಆ ದೇಶದ ನಗದು. ಕರೆಂಟ್ ಹೋದರೆ ಕಾರ್ಡ್ ಯಂತ್ರ, ಎಟಿಎಂ ಎರಡೂ ಇಲ್ಲ, ಹಾಗಾಗಿ ಸಣ್ಣ ನೋಟುಗಳಿರಲಿ. ಪವರ್‌ಬ್ಯಾಂಕ್, ಫೋನ್ ಪೂರ್ತಿ ಚಾರ್ಜ್ ಮಾಡಿ. ಊರಿನ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಬಕೆಟ್ಟೋ ಬಾತ್‌ಟಬ್ಬೋ ಇದ್ದರೆ ನೀರು ತುಂಬಿಸಿ, ಶೌಚಾಲಯಕ್ಕೆ ಬೇಕಾಗುತ್ತದೆ.

ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಇಡೀ ಪ್ರವಾಸದಲ್ಲಿ ಅದು ಕೈಚೀಲದಲ್ಲೇ ಇರಬೇಕು, ಬೇಕಾದ್ದಕ್ಕಿಂತ ಒಂದು ವಾರ ಜಾಸ್ತಿ ಇರಬೇಕು. ಫ್ಲೈಟ್ ರದ್ದಾದಾಗ ಒಳಗೆ ಕೊಟ್ಟ ಸೂಟ್‌ಕೇಸ್ ತಕ್ಷಣ ವಾಪಸ್ ಸಿಗುತ್ತದೆ ಅನ್ನುವ ಖಾತರಿ ಇಲ್ಲ.

ಗಾಳಿ ಬೀಸುವ ಹೊತ್ತು

ಒಳಗಿರಿ. ಕಿಟಕಿಯಿಂದ ದೂರ, ಪರದೆ ಎಳೆದು. ವಿಡಿಯೋ ಮಾಡಲು ಬಾಲ್ಕನಿಗೆ ಹೋಗಬೇಡಿ, ಹಾರಿ ಬರುವ ತಗಡು ಕಣ್ಣಿಗೆ ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತದೆ.

ದೊಡ್ಡ ಚಂಡಮಾರುತದ ನಡುಭಾಗ ನಿಮ್ಮ ಮೇಲೇ ಹಾದುಹೋದರೆ ಒಂದು ವಿಚಿತ್ರ ಆಗುತ್ತದೆ. ಗಂಟೆಗಟ್ಟಲೆ ಕೂಗಿದ ಗಾಳಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಮಳೆ ನಿಲ್ಲುತ್ತದೆ, ಮೋಡದ ನಡುವೆ ಆಕಾಶವೂ ಕಾಣಬಹುದು. ಮುಗಿಯಿತು ಅಂತ ಜನ ಬೀದಿಗೆ ಇಳಿಯುತ್ತಾರೆ. ಆದರೆ ಅದು ಚಂಡಮಾರುತದ ಕಣ್ಣು, ಅದರ ಆಚೆ ಜೋರು ಗಾಳಿಯ ಇನ್ನೊಂದು ಗೋಡೆ ಇದೆ. ಸ್ವಲ್ಪ ಹೊತ್ತಿಗೆ ಗಾಳಿ ಈ ಸಲ ಎದುರು ದಿಕ್ಕಿನಿಂದ, ಅಷ್ಟೇ ಜೋರಾಗಿ ಬರುತ್ತದೆ. ಮೊದಲ ಸುತ್ತಿನಲ್ಲಿ ಸಡಿಲವಾದದ್ದೆಲ್ಲ ಆಗ ಕಿತ್ತು ಬರುತ್ತದೆ. ಹವಾಮಾನ ಇಲಾಖೆ ಎಚ್ಚರಿಕೆ ತೆಗೆಯುವವರೆಗೆ ಬಾಗಿಲು ತೆರೆಯಬೇಡಿ.

ದಾರಿಯಲ್ಲಿ ಇರುವಾಗಲೇ ನೀರು ಬಂದರೆ ಅದರೊಳಗೆ ಕಾರು ಓಡಿಸಬೇಡಿ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು, 30 ಇದ್ದರೆ ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು, 60 ಆದರೆ ದೊಡ್ಡ ಗಾಡಿಯನ್ನೂ ಬಿಡುವುದಿಲ್ಲ. 2024ರ ಏಪ್ರಿಲ್ 16ರಂದು ಅರಬ್ ಎಮಿರೇಟ್ಸ್‌ನಲ್ಲಿ ಸುರಿದ ಮಳೆ 1949ರಲ್ಲಿ ದಾಖಲೆ ಶುರುವಾದಾಗಿನಿಂದ ಅತಿ ಹೆಚ್ಚು. ಅಲ್ ಐನ್ ಕಡೆ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್. ದುಬೈನ ಅಗಲವಾದ ಹೆದ್ದಾರಿಗಳಲ್ಲೇ ಕಾರುಗಳು ಮುಳುಗಿ ನಿಂತಿದ್ದವು. ರಸ್ತೆ ದೊಡ್ಡದಿದೆ ಅನ್ನುವ ಧೈರ್ಯ ಅಲ್ಲಿ ಯಾರಿಗೂ ಕೆಲಸಕ್ಕೆ ಬರಲಿಲ್ಲ.

ಮನೆಯವರಿಗೆ ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ ಒಂದು ಮೆಸೇಜ್ ಹಾಕುತ್ತೇನೆ ಅಂತ ಮೊದಲೇ ಹೇಳಿಡಿ. ಸುಮ್ನೆ ಎಲ್ಲರ ಫೋನಿಗೂ ಉತ್ತರಿಸುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳಬೇಡಿ. ನಿಮ್ಮ ದೇಶದ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.

ಏರ್‌ಪೋರ್ಟಿನಲ್ಲೇ ಸಿಕ್ಕಿಕೊಂಡರೆ

ಎಷ್ಟು ಹುಷಾರಾಗಿದ್ದರೂ ಕೆಲವೊಮ್ಮೆ ಹೀಗಾಗುತ್ತದೆ. ಫಲಕದಲ್ಲಿ ನಿಮ್ಮ ಫ್ಲೈಟ್ ಪಕ್ಕ ರದ್ದು ಅಂತ ಬಂದ ತಕ್ಷಣ ನೂರಾರು ಜನ ಒಂದೇ ಕೌಂಟರ್ ಕಡೆ ಓಡುತ್ತಾರೆ. ನೀವೂ ಸಾಲಿನಲ್ಲಿ ನಿಲ್ಲಿ, ಆದರೆ ನಿಂತುಕೊಂಡೇ ಏರ್‌ಲೈನ್ ಆ್ಯಪ್ ತೆರೆಯಿರಿ, ಜೊತೆಗಿದ್ದವರು ಸಹಾಯವಾಣಿಗೆ ಫೋನ್ ಮಾಡಲಿ. ಆ ಊರಿನ ಸಹಾಯವಾಣಿ ಸಿಗದಿದ್ದರೆ ಬೇರೆ ದೇಶದಲ್ಲಿ ಇರುವ ಅದೇ ಏರ್‌ಲೈನಿನ ಸಂಖ್ಯೆಗೆ ಮಾಡಿ, ಅಲ್ಲಿ ಸಾಲು ಕಮ್ಮಿ ಇರಬಹುದು.

ಮಾತಾಡಲು ಸಿಕ್ಕಾಗ ಏನಾದರೂ ಮಾಡಿ ಅಂತ ಕೇಳಬೇಡಿ. ನೀವೇ ಹುಡುಕಿಕೊಂಡು ಹೋಗಿ ಇಂಥ ಫ್ಲೈಟ್‌ನಲ್ಲಿ, ಇಂಥ ಊರಿನ ಮೇಲೆ ಹಾದು ಸೀಟಿದೆ, ಅದಕ್ಕೆ ಹಾಕಿಕೊಡಿ ಅಂತ ಫ್ಲೈಟ್ ಸಂಖ್ಯೆ ಸಮೇತ ಕೇಳಿ. ಕೌಂಟರಿನಲ್ಲಿರುವವರು ಬೆಳಗಿನಿಂದ ಬೈಸಿಕೊಂಡು ಕೂತಿರುತ್ತಾರೆ. ಅವರ ಹೆಸರು ಹಿಡಿದು ನಯವಾಗಿ ಮಾತಾಡಿದರೆ, ಇರುವ ದಾರಿಯನ್ನು ಅವರೇ ಹುಡುಕಿ ಕೊಡುತ್ತಾರೆ.

ಹಕ್ಕಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಯುರೋಪಿಯನ್ ಒಕ್ಕೂಟದ ದೇಶದಿಂದ ಹೊರಡುವ ಯಾವುದೇ ಫ್ಲೈಟ್, ಅಲ್ಲಿಗೆ ಬರುವ ಅಲ್ಲಿನ ಏರ್‌ಲೈನಿನ ಫ್ಲೈಟ್, ಇವಕ್ಕೆ 2004ರ 261ನೇ ನಿಯಮ ಅನ್ವಯಿಸುತ್ತದೆ. ಹವಾಮಾನದಿಂದ ರದ್ದಾದರೆ ಪರಿಹಾರದ ಹಣ ಸಿಗುವುದಿಲ್ಲ, ಅದು ಏರ್‌ಲೈನಿನ ತಪ್ಪಲ್ಲ. ಆದರೆ ಹಣ ವಾಪಸ್ ಇಲ್ಲವೇ ಬೇರೆ ಫ್ಲೈಟ್, ಇವೆರಡರಲ್ಲಿ ಯಾವುದು ಬೇಕೋ ನೀವು ಆರಿಸಬಹುದು. ಬೇರೆ ಫ್ಲೈಟ್ ಬೇಕು ಅಂದರೆ ಅಲ್ಲಿಯವರೆಗೆ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್, ಅಲ್ಲಿಗೆ ಹೋಗಿ ಬರುವ ವಾಹನ ಅವರೇ ಕೊಡಬೇಕು. 2010ರಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಗೆ ಯುರೋಪಿನ ವಿಮಾನಗಳು ನಿಂತಿದ್ದ ಗಲಾಟೆಯ ಮೇಲೆ 2013ರಲ್ಲಿ ಯುರೋಪಿನ ನ್ಯಾಯಾಲಯ ಈ ಹೊಣೆಗೆ ಇಷ್ಟೇ ದಿನ, ಇಷ್ಟೇ ದುಡ್ಡು ಅನ್ನುವ ಮಿತಿ ಇಲ್ಲ ಅಂತಲೇ ಹೇಳಿತು. ಬ್ರಿಟನ್ ಕೂಡ ಇದೇ ಥರದ ನಿಯಮ ಉಳಿಸಿಕೊಂಡಿದೆ. ಅವರು ಕೊಡಲಿಲ್ಲ ಅಂದರೆ ಮಿತವಾದ ಖರ್ಚಿನಲ್ಲಿ ನೀವೇ ಕೋಣೆ ಹಿಡಿದು ರಸೀದಿ ಇಟ್ಟುಕೊಂಡು ಆಮೇಲೆ ಕೇಳಬಹುದು.

ಅಮೆರಿಕದಲ್ಲಿ ಹವಾಮಾನದಿಂದ ರದ್ದಾದರೆ ಹೋಟೆಲ್ ಕೊಡಲೇಬೇಕು ಅಂತ ಕಾನೂನಿಲ್ಲ. ರದ್ದಾದರೆ, ಅಥವಾ ದೇಶದೊಳಗಿನ ಫ್ಲೈಟ್ 3 ಗಂಟೆ, ಅಂತರರಾಷ್ಟ್ರೀಯ ಫ್ಲೈಟ್ 6 ಗಂಟೆ ಮೀರಿ ಬದಲಾಗಿ ನೀವು ಹೋಗದಿರಲು ನಿರ್ಧರಿಸಿದರೆ ಹಣ ವಾಪಸ್ ಕೊಡಬೇಕು. ಅವರು ಮೊದಲು ವೋಚರ್ ತೋರಿಸಿದರೂ ಹಣವೇ ವಾಪಸ್ ಬೇಕು ಅಂತ ಹೇಳಬಹುದು.

ವೀಸಾ

ಹೋಗುವ ದೇಶಕ್ಕೆಲ್ಲ ವೀಸಾ ಬೇಕಾಗುವ ಪಾಸ್‌ಪೋರ್ಟ್ ಇದ್ದವರು ಇದನ್ನು ನಿಧಾನವಾಗಿ ಓದಿ. ಫ್ಲೈಟ್ ಬದಲಿಸುವ ಊರಲ್ಲಿ ಸಿಕ್ಕಿಕೊಂಡರೆ, ಆ ದೇಶದ ವೀಸಾ ಇಲ್ಲದಿದ್ದರೆ, ಏರ್‌ಲೈನ್ ಹೋಟೆಲ್ ಕೊಟ್ಟರೂ ಹೊರಗೆ ಬಿಡುವುದು ಅಲ್ಲಿನ ಅಧಿಕಾರಿಗಳ ಕೈಯಲ್ಲಿದೆ. ಎರಡು ದಾರಿ ಇದ್ದಾಗ, ವೀಸಾ ಇಲ್ಲದೆ ಹೊರಗೆ ಹೋಗಬಹುದಾದ ಊರಿನ ಮೇಲೆ ಹಾದುಹೋಗುವ ಟಿಕೆಟನ್ನೇ ಆರಿಸಿ, ಸ್ವಲ್ಪ ದುಬಾರಿಯಾದರೂ. ಪಕ್ಕದ ದೇಶಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಾರೋಣ ಅಂತ ಹೊರಡುವ ಮುಂಚೆ ನಿಮ್ಮ ವೀಸಾ ಒಂದೇ ಪ್ರವೇಶದ್ದಾ ಅಂತ ನೋಡಿ. ಒಮ್ಮೆ ಗಡಿ ದಾಟಿದರೆ ವಾಪಸ್ ಬರಲಾಗದು, ಆ ಕಡೆಯ ಫ್ಲೈಟೂ ರದ್ದಾದರೆ ಎರಡೂ ಕಡೆ ಬಾಗಿಲು ಮುಚ್ಚಿದಂತೆ.

ವೀಸಾ ಮುಗಿಯುವ ದಿನ ಹತ್ತಿರ ಬಂದಿದ್ದರೆ ಮುಗಿಯುವ ಮುಂಚೆಯೇ ವಲಸೆ ಕಚೇರಿಗೆ ಹೋಗಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ನಿಮ್ಮ ಕೈಮೀರಿದ ಕಾರಣಕ್ಕೆ ಹೊರಡಲಾಗದಿದ್ದರೆ ವೀಸಾ ವಿಸ್ತರಿಸಲು ನಿಯಮವೇ ಇದೆ, ಅದಕ್ಕೆ ಶುಲ್ಕವೂ ಇಲ್ಲ. ಏರ್‌ಲೈನ್ ಕೊಟ್ಟ ರದ್ದಿನ ಪತ್ರ, ಹೊಸ ಟಿಕೆಟ್ ಎರಡನ್ನೂ ಒಯ್ಯಿರಿ.

ಮರುದಿನದ ಮೋಸ

ಬಿರುಗಾಳಿ ಹೋದ ಮಾರನೇ ಬೆಳಗ್ಗೆ ಬಿಸಿಲು ಚೆನ್ನಾಗಿರುತ್ತದೆ. ಎಲ್ಲರೂ ಒಟ್ಟಿಗೆ ನಿಲ್ದಾಣದ ಕಡೆ ಹೊರಡುತ್ತಾರೆ. ಆದರೆ ಹಳಿಯ ಮೇಲೆ ಮರ ಬಿದ್ದಿದೆಯಾ, ಮಣ್ಣು ಕುಸಿದಿದೆಯಾ ಅಂತ ಪೂರ್ತಿ ನೋಡುವವರೆಗೆ ರೈಲು ಬಿಡುವುದಿಲ್ಲ. 2019ರ ಸೆಪ್ಟೆಂಬರ್ 9ರಂದು ಫಾಕ್ಸಾಯ್ ಟೈಫೂನ್ ಬೆಳಗ್ಗೆಯೇ ದಾಟಿಹೋಗಿತ್ತು. ಟೋಕಿಯೊ ಪಕ್ಕದ ನರಿಟಾ ಏರ್‌ಪೋರ್ಟಿನಲ್ಲಿ ವಿಮಾನಗಳು ಬಂದು ಇಳಿಯುತ್ತಲೇ ಇದ್ದವು, ಆದರೆ ಅಲ್ಲಿಂದ ಊರಿಗೆ ಹೋಗುವ ರೈಲು, ಬಸ್ಸು ನಿಂತಿದ್ದವು. 13 ಸಾವಿರಕ್ಕೂ ಹೆಚ್ಚು ಜನ ಆ ರಾತ್ರಿ ಏರ್‌ಪೋರ್ಟಿನಲ್ಲೇ ಕಳೆದರು. ಐಸ್‌ಲ್ಯಾಂಡಿನ ಕೆಫ್ಲಾವಿಕ್ ಏರ್‌ಪೋರ್ಟಿನಲ್ಲೂ 2022ರ ಡಿಸೆಂಬರ್‌ನಲ್ಲಿ ಹಿಮಕ್ಕೆ ರಸ್ತೆ ಮುಚ್ಚಿ ಇಂಥದ್ದೇ ಆಯಿತು.

ಆದ್ದರಿಂದ ಫ್ಲೈಟ್ ಹಾರುತ್ತಾ ಅಂತ ಮಾತ್ರ ನೋಡಬೇಡಿ. ಏರ್‌ಪೋರ್ಟಿಗೆ ಹೋಗುವ, ಅಲ್ಲಿಂದ ಬರುವ ರಸ್ತೆ ರೈಲು ನಡೆಯುತ್ತಿದೆಯಾ ಅಂತಲೂ ನೋಡಿ. ಏರ್‌ಲೈನ್‌ಗಳ ವಿಮಾನ, ಸಿಬ್ಬಂದಿ ಎಲ್ಲಾ ಎಲ್ಲೆಲ್ಲೋ ಚದುರಿ ಹೋಗಿರುತ್ತಾರೆ, ಹಾಗಾಗಿ ಮೊದಲ ದಿನದ ಫ್ಲೈಟ್‌ಗಳು ಮತ್ತೆ ಮತ್ತೆ ತಡವಾಗುತ್ತವೆ. ಸಾಧ್ಯವಾದರೆ ಮೊದಲ ದಿನ ಬಿಟ್ಟು ಎರಡನೇ ದಿನದ ಸೀಟು ಕೇಳಿ. ಆ ಒಂದು ದಿನ ಊರೊಳಗೆ ಮ್ಯೂಸಿಯಂ ಥರದ್ದು ತೆರೆದಿದ್ದರೆ ನೋಡಿ. ಬೆಟ್ಟದ ದಾರಿ, ಜಲಪಾತ, ಸಮುದ್ರತೀರಕ್ಕೆ ಹೋಗಬೇಡಿ. ಮಳೆ ನಿಂತ ಮೇಲೂ ಮಣ್ಣು ಕುಸಿಯುತ್ತದೆ, ಗಾಳಿ ನಿಂತ ಮೇಲೂ ಅಲೆಗಳು ಒಂದೆರಡು ದಿನ ದೊಡ್ಡದಾಗೇ ಇರುತ್ತವೆ. ಕೆಳಗೆ ಬಿದ್ದಿರುವ ಯಾವ ತಂತಿಯನ್ನೂ ಮುಟ್ಟಬೇಡಿ, ನಿಂತ ನೀರಿನಲ್ಲಿ ನಡೆಯಬೇಡಿ.

ದುಡ್ಡು ವಾಪಸ್ ಕೇಳುವಾಗ

ಫ್ಲೈಟ್ ಯಾಕೆ ರದ್ದಾಯಿತು ಅಂತ ಏರ್‌ಲೈನ್‌ನಿಂದ ಬರವಣಿಗೆಯಲ್ಲಿ ತಗೊಳ್ಳಿ, ಸಾಧ್ಯವಾದರೆ ಏರ್‌ಪೋರ್ಟ್ ಬಿಡುವ ಮುಂಚೆಯೇ. ವಿಮೆಯವರು ಮೊದಲು ಕೇಳುವುದೇ ಅದು. ಫಲಕದ ಫೋಟೋ, ಹವಾಮಾನ ಇಲಾಖೆಯ ಎಚ್ಚರಿಕೆಯ ಸ್ಕ್ರೀನ್‌ಶಾಟ್, ಪ್ರತಿ ಊಟದ ಬಿಲ್ಲು, ಟ್ಯಾಕ್ಸಿ ಚೀಟಿ, ಎಲ್ಲವನ್ನೂ ಆಗಲೇ ಫೋಟೋ ತೆಗೆದು ಒಂದೇ ಕಡೆ ಹಾಕಿ. ಅಂಗಡಿಯ ಯಂತ್ರ ಶಾಖದಿಂದ ಅಚ್ಚು ಹಾಕುವ ರಸೀದಿ ಕೆಲವು ತಿಂಗಳಲ್ಲಿ ಮಾಸಿಹೋಗಬಹುದು.

ಮೊದಲು ಏರ್‌ಲೈನ್, ಹೋಟೆಲ್, ಪ್ರವಾಸ ಕಂಪನಿಯವರನ್ನು ಕೇಳಿ, ಅವರು ಕೊಡದೆ ಉಳಿದದ್ದನ್ನು ವಿಮೆಯವರಿಗೆ ಹಾಕಿ. ಒಂದೇ ಬಿಲ್ಲಿಗೆ ಎರಡು ಕಡೆ ದುಡ್ಡು ಕೇಳಿದರೆ ಇಡೀ ಅರ್ಜಿಯೇ ಬಿದ್ದುಹೋಗಬಹುದು. ಸೂಟ್‌ಕೇಸ್ ಬರದಿದ್ದರೆ ಏರ್‌ಪೋರ್ಟ್ ಬಿಡುವ ಮುಂಚೆ ದೂರು ಬರೆಸಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾಳಾದ ಸಾಮಾನಿಗೆ ಅದು ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಬಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಈ ಗಡುವು ತಪ್ಪಿದರೆ ಆಮೇಲೆ ಏನೂ ಕೇಳಲು ಬರುವುದಿಲ್ಲ.

ಅರ್ಜಿಯಲ್ಲಿ ಕಥೆ ಬೇಡ. ಬುಕಿಂಗ್ ಸಂಖ್ಯೆ, ಫ್ಲೈಟ್ ಸಂಖ್ಯೆ, ದಿನಾಂಕ, ಯಾವ ಖರ್ಚು ಎಷ್ಟು, ಒಟ್ಟು ಎಷ್ಟು, ಇಷ್ಟನ್ನೇ ಬರೆಯಿರಿ. ಅವರು ಕೊಡುವ ಅರ್ಜಿ ಸಂಖ್ಯೆಯನ್ನು ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ, ಇಲ್ಲವೇ ಬರೀ ಇಲ್ಲ ಅಂದರೆ, ವಿಮಾನ ಪ್ರಯಾಣಿಕರ ದೂರು ನೋಡುವ ಸರ್ಕಾರಿ ಸಂಸ್ಥೆಗೆ ಅದೇ ಕಾಗದಗಳನ್ನು ಕಳಿಸಿ. ಯುರೋಪಿಯನ್ ಒಕ್ಕೂಟದ ಪ್ರತಿ ದೇಶದಲ್ಲೂ ಇಂಥದ್ದೊಂದು ಇದೆ, ಅಮೆರಿಕದಲ್ಲಿ ಈ ಕೆಲಸ ಸಾರಿಗೆ ಇಲಾಖೆಯದ್ದು.